ಗೇಣಿಗೆ ಬೇಡ

ರೇನರ್ಸ್ ಲೇನಿನ ನಮ್ಮ ಮನೆಯ ಅಡುಗೆಮನೆಯ ನೆಲ ಇಳಿಜಾರಾಗಿತ್ತು ಎಂದು ನಾನು ಇಷ್ಟು ವರ್ಷ ನಂಬಿಕೊಂಡು ಬಂದಿದ್ದೇನೆ. ಹಾಗಿರಲಿಕ್ಕಿಲ್ಲ. ಅಂಗಡಿಯ ಮೇಲಿನ ಫ್ಲ್ಯಾಟಿನ ನೆಲವನ್ನು ಯಾರು ಇಳಿಜಾರಾಗಿ ಕಟ್ಟುತ್ತಾರೆ? ಆದರೆ ಅಪ್ಪಯ್ಯ ಆ ಅಡುಗೆಮನೆಯನ್ನು ‘ಬೈಲು’ ಎಂದು ಕರೆಯುತ್ತಿದ್ದರು. ಬೈಲು ಎಂದರೆ ತಗ್ಗಿನ ಗದ್ದೆ, ನೀರು ತಾನಾಗಿ ಬಂದು ನಿಲ್ಲುವ ಜಾಗ. ಆ ಮಾತಿಗೆ ಹೊಂದಿಕೊಳ್ಳಲಿ ಎಂದು ನನ್ನ ನೆನಪೇ ನೆಲವನ್ನು ಬಗ್ಗಿಸಿಟ್ಟುಕೊಂಡಿರಬೇಕು. ಅಮ್ಮ ಇದ್ದಿದ್ದರೆ ಕೇಳಬಹುದಿತ್ತು. ಒಂಬತ್ತನೆಯ ವಯಸ್ಸಿನಿಂದ ನಾನು ದಿನಚರಿ ಬರೆಯುತ್ತಿದ್ದೇನೆ, ಆದರೆ ಅದರಿಂದ ಹೆಚ್ಚಿನ ಸಹಾಯವಿಲ್ಲ. ಇಲ್ಲಿ ಹೇಳಲೇಬೇಕಾದ ಒಂದು ದಿನದ ಪುಟದಲ್ಲಿ ಎರಡೇ ಸಾಲುಗಳಿವೆ, ಅವೂ ಇಂಗ್ಲಿಷಿನಲ್ಲಿ: ಅಪ್ಪಯ್ಯನ ಕಾಗದ ಬರೆದೆ. ಪತ್ರೊಡೆ ನಾಲ್ಕು ತಿಂದೆ. ತಿಂದ ಪತ್ರೊಡೆಯ ಸಂಖ್ಯೆಯನ್ನು ಬರೆದಿಟ್ಟ ಹುಡುಗಿ, ಕಾಗದದಲ್ಲಿ ಏನು ಬರೆದಳು ಎಂಬುದನ್ನು ಬರೆದಿಟ್ಟಿಲ್ಲ. ಆದ್ದರಿಂದ ಮುಂದಿನದನ್ನು ಓದುವವರು ಇದನ್ನು ಸಾಕ್ಷಿ ಎಂದು ತಿಳಿಯಬಾರದು. ನನಗೆ ಹೀಗೆ ನೆನಪಿದೆ, ಅಷ್ಟೆ.

ಅಪ್ಪಯ್ಯನ ಪ್ರಕಾರ ಆ ಮನೆಗೆ ಮೂರು ಮಟ್ಟಗಳಿದ್ದವು. ಕುಂದಾಪುರದ ಕಡೆ ಗದ್ದೆಗಳನ್ನು ಅವುಗಳಲ್ಲಿ ನೀರು ಎಷ್ಟು ನಿಲ್ಲುತ್ತದೆ ಎಂಬುದರಿಂದ ಗುರುತಿಸುತ್ತಾರೆ. ತಗ್ಗಿನದು ಬೈಲು, ನಡುವಿನದು ಮಜಲು, ಮಳೆ ಬಂದರಷ್ಟೇ ಬೆಳೆ ಕೊಡುವ ಎತ್ತರದ್ದು ಬೆಟ್ಟು. ನಮ್ಮ ಅಡುಗೆಮನೆಯ ಸಿಂಕಿನ ಕೆಳಗೆ ಯಾವಾಗಲೂ ಒಂದು ಬಕೆಟ್ ಇರುತ್ತಿತ್ತು. ಕಿಟಕಿಯ ಗಾಜಿನಿಂದ ಹಬೆ ನೀರಾಗಿ ಇಳಿಯುತ್ತಿತ್ತು. ಬಣ್ಣದ ಹಳೆಯ ಡಬ್ಬವೊಂದರಲ್ಲಿ ಬಸಳೆ ಹೇಗೋ ಬದುಕಿಕೊಂಡಿತ್ತು. ಅದು ಬೈಲು. ಮುಂದಿನ ಕೋಣೆಯಲ್ಲಿ ಊಟ, ಟಿವಿ, ರಾತ್ರಿಯಾದರೆ ಅಪ್ಪಯ್ಯ ಅಮ್ಮನ ಹಾಸಿಗೆ. ರೈಲು ಹೋದಾಗಲೆಲ್ಲ ಅಲ್ಲಿಯ ಲೋಟಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು. ಅದು ಮಜಲು. ಮೂರು ಮೆಟ್ಟಿಲು ಹತ್ತಿದರೆ ಸಿಗುವ, ಹೀಟರಿಲ್ಲದ, ಮಂಚ ಹಾಕಿದರೆ ಬಾಗಿಲು ಪೂರ್ತಿ ತೆರೆಯದ ಕೋಣೆ ನನ್ನದು. ಅದು ಬೆಟ್ಟು. ಅಲ್ಲಿನ ಕಿಟಕಿಯಲ್ಲಿ ಅಪ್ಪಯ್ಯ ಮೊಸರಿನ ಡಬ್ಬಿಯಲ್ಲಿ ಕೊತ್ತಂಬರಿ ಹಾಕಿದರು. ಅದು ಹಳದಿಯಾಗಿ ಒಣಗಿದಾಗ ಅವರಿಗೆ ಬೇಸರವಾಗಲಿಲ್ಲ.

“ಬೆಟ್ಟಲ್ಲಿ ಇಷ್ಟೇ ಆಪುದ್,” ಎಂದರು.

ಇವು ಗದ್ದೆಯ ಹೆಸರುಗಳೆಂದು ನನಗೆ ಗೊತ್ತಿರಲಿಲ್ಲ. ಕನ್ನಡದಲ್ಲಿ ಕೋಣೆಗಳಿಗೆ ಹೀಗೆಯೇ ಹೇಳುವುದೆಂದು ತಿಳಿದಿದ್ದೆ. ಯಾವುದೋ ಹಾಲ್‌ನಲ್ಲಿ ನಡೆದ ಕನ್ನಡದವರ ದೀಪಾವಳಿ ಊಟದಲ್ಲಿ, ರೇಷ್ಮೆ ಸೀರೆಯ ಬೆಂಗಳೂರಿನ ಆಂಟಿಯೊಬ್ಬರು ನನ್ನ ತಟ್ಟೆಗೆ ಪುಳಿಯೋಗರೆ ಹಾಕುತ್ತ ಮಾತಾಡಿಸಿದರು.

“ನಿಂಗೆ ಬೇರೆ ರೂಮ್ ಇದೆಯೇನಮ್ಮ?”

“ಹೌದು ಆಂಟಿ, ನಾನ್ ಬೆಟ್ಟಲ್ಲಿ ಮಲ್ಕಂಬುದ್.”

“ಓ, ಹ್ಯಾರೋ ಆನ್ ದ ಹಿಲ್ಲಾ! ಅಲ್ಲಿ ಮನೆ ತಗೊಂಡ್ರಾ? ತುಂಬಾ ಕಾಸ್ಟ್ಲಿ ಏರಿಯಾ ಅಲ್ವೇನಮ್ಮ!”

ಅಮ್ಮ ಪಕ್ಕದಲ್ಲೇ ನಿಂತಿದ್ದಳು. ಅವಳು ಪಾರ್ಕ್ ರಾಯಲ್‌ನ ಕಾರ್ಖಾನೆಯೊಂದರಲ್ಲಿ ತಲೆಗೆ ನೀಲಿ ಬಲೆ ಹಾಕಿಕೊಂಡು ಚಪಾತಿಗಳನ್ನು ಪ್ಯಾಕೆಟ್ಟಿಗೆ ತುಂಬುವವಳು. ಆ ದಿನ ಶಿಫ್ಟ್ ಬದಲಾಯಿಸಿಕೊಂಡು ಬಂದಿದ್ದಳು. ಬಸ್ಸು ಹಿಡಿದು ಮನೆಗೆ ಬಂದೆವು. ಮನೆಯ ಬಾಗಿಲು ತೆಗೆದವಳು ಅಪ್ಪಯ್ಯನಿಗೆ, “ಹ್ವಾಯ್, ಮಗಿಗೆ ರೂಮ್ ಅಂದ್ ಹೇಳುಕ್ ಕಲಿಸಿ,” ಎಂದಳು. ಅಪ್ಪಯ್ಯ ಕಲಿಸಲಿಲ್ಲ.

ಅಪ್ಪಯ್ಯ ಸ್ಟೇಷನ್ನಿನ ಆಚೆಯ ದೋಸೆ ಹೋಟೆಲಿನಲ್ಲಿ ಹಿಟ್ಟು ರುಬ್ಬುವ ಕೆಲಸದಲ್ಲಿದ್ದರು. ಅವರ ಬೆರಳ ತುದಿಗಳು ಸದಾ ಬಿಳುಚಿ, ನೀರಲ್ಲಿ ನೆನೆದಂತೆ ಸುಕ್ಕಾಗಿರುತ್ತಿದ್ದವು. ಊಟಕ್ಕೆ ಕುಳಿತರೆ ಒಂದೇ ಕಥೆ. ನಮ್ಮ ಅಜ್ಜ ಒಕ್ಕಲು. ಒಡೀರ, ಎಂದರೆ ಜಮೀನಿನ ಒಡೆಯರ, ಗದ್ದೆಯನ್ನು ಗೇಣಿಗೆ ಮಾಡುವವರು. ಬೆಳೆದ ಅಕ್ಕಿಯಲ್ಲಿ ಒಳ್ಳೆಯದನ್ನು ಬೈಹುಲ್ಲಿನಲ್ಲಿ ಮುಡಿ ಕಟ್ಟಿ, ಹೊತ್ತುಕೊಂಡು ಹೋಗಿ ಒಡೀರ ಜಗಲಿಯ ಕೆಳಗೆ ಇಟ್ಟು ಬರಬೇಕು. ಮನೆಯವರಿಗೆ ನುಚ್ಚು. ಆಮೇಲೆ ಉಳುವವನೇ ಹೊಲದ ಒಡೆಯ ಎಂಬ ಕಾನೂನು ಬಂತು. ಉಳುವವರು ಅರ್ಜಿ ಕೊಟ್ಟರೆ ಗದ್ದೆ ಅವರದೇ. ಊರವರು ಆ ಅರ್ಜಿಗೆ ಡಿಕ್ಲರೇಶನ್ ಎನ್ನುತ್ತಿದ್ದರು. ಮನೆಯಲ್ಲಿ ಅಕ್ಷರ ಬಲ್ಲವರು ಅಪ್ಪಯ್ಯ ಒಬ್ಬರೇ, ಆಗ ಹನ್ನೆರಡು ವರ್ಷ. ಅಜ್ಜ ಹೇಳಿದಂತೆ ಅವರು ಡಿಕ್ಲರೇಶನ್ ಬರೆದರು, ಅಜ್ಜ ಹೆಬ್ಬೆಟ್ಟು ಒತ್ತಿದರು. ತೀರ್ಪು ಬರುವವರೆಗೆ ಒಡೀರಿಗೆ ಒಂದು ಕಾಳೂ ಕೊಡಲಿಲ್ಲ. ಕೊಟ್ಟರೆ ತಾನು ಇನ್ನೂ ಒಕ್ಕಲೇ ಎಂದು ತಾನೇ ಒಪ್ಪಿದ ಹಾಗಲ್ಲವೇ? ಆ ವರ್ಷ ಒಡೀರು ಗದ್ದೆಯ ಅಂಚಿನಲ್ಲಿ ಕೊಡೆ ಹಿಡಿದು ಬಂದು ನಿಂತದ್ದು, ಅಜ್ಜ ತಲೆಯ ಮೇಲಿನ ಅಡಿಕೆ ಹಾಳೆಯ ಮುಟ್ಟಾಳೆಯನ್ನು ತೆಗೆಯದೆ ಕುಳಿತೇ ಇದ್ದದ್ದು, ಇದನ್ನು ಹೇಳುವಾಗ ಅಪ್ಪಯ್ಯ ಬೆನ್ನು ನೆಟ್ಟಗೆ ಮಾಡಿ ಅಜ್ಜನಾಗಿ ಬಿಡುತ್ತಿದ್ದರು.

“ಅನ್ನ ತಣೀತ್,” ಎನ್ನುತ್ತಿದ್ದಳು ಅಮ್ಮ. “ಆ ಒಡೀರ್ ಸತ್ತ್ ಯಾವ ಕಾಲ ಆಯ್ತ್.”

ಗದ್ದೆ ಅಜ್ಜನ ಹೆಸರಿಗೆ ಬಂತು. ಅಜ್ಜನ ನಂತರ ಅಪ್ಪಯ್ಯನ ಹೆಸರಿಗೆ. ಕಥೆಯ ಕೊನೆಯನ್ನು ಮಾತ್ರ ಅವರು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದರು: “ಕಡಿಗೆ ಅದನ್ನ್ ಕೊಟ್ಟ್ ನಾವ್ ಇಲ್ಲಿಗ್ ಬಂದದ್ದ್.” ಮಾರಿದೆ ಎನ್ನುತ್ತಿರಲಿಲ್ಲ. ಅಜ್ಜನ ಒಂದು ಕಾಲು ಗಾಡಿಯ ಚಕ್ರಕ್ಕೆ ಸಿಕ್ಕಿ ಹೋಗಿತ್ತು, ಡಿಕ್ಲರೇಶನ್ನಿಗೂ ಎಷ್ಟೋ ಮೊದಲೇ, ಎಂಬುದನ್ನೂ ಹೇಳುತ್ತಿದ್ದರು. ಕಾಲಿಲ್ಲದವರು ಹೇಗೆ ಉತ್ತರು ಎಂದು ಕೇಳಬೇಕೆಂದು ನನಗೆ ಹೊಳೆಯಲಿಲ್ಲ. ನಾನು ಪತ್ರೊಡೆ ಎಣಿಸುವ ಹುಡುಗಿ.

ನನಗೆ ಏಳೋ ಎಂಟೋ ಆದಾಗ ಕೌನ್ಸಿಲ್‌ನವರ ಅಲಾಟ್‌ಮೆಂಟಿನಲ್ಲಿ ಅಪ್ಪಯ್ಯನಿಗೆ ಒಂದು ತುಂಡು ನೆಲ ಸಿಕ್ಕಿತು. ರೈಲು ಹಳಿಯ ಪಕ್ಕದ ಆ ಬಯಲಿನಲ್ಲಿ ವರ್ಷದ ಬಾಡಿಗೆಗೆ ತರಕಾರಿ ಬೆಳೆದುಕೊಳ್ಳಬಹುದು. ಖಾಲಿಯಿದ್ದ ಜಾಗಗಳು ಎರಡು. ಒಂದು ಎತ್ತರದ್ದು, ಬಿಸಿಲು ಬೀಳುವ, ಒಣಗಿದ ಮಣ್ಣಿನದು. ಇನ್ನೊಂದು ತುದಿಯ ತಗ್ಗಿನಲ್ಲಿ. ಚಳಿಗಾಲದಲ್ಲಿ ಅಲ್ಲಿ ಬೂಟು ಹೂತುಹೋಗುತ್ತಿತ್ತು, ಮೂರು ಜನ ತೆಗೆದುಕೊಂಡು ಬಿಟ್ಟುಹೋಗಿದ್ದರು. ಅಪ್ಪಯ್ಯ ಓಡಿಹೋಗಿ ತಗ್ಗಿನದರಲ್ಲಿ ನಿಂತುಕೊಂಡರು. “ಬೈಲ್! ಇವ್ರಿಗೆ ಗೊತ್ತಾಗ್ಲಿಲ್ಲೆ!” ಎಂದು ನನ್ನ ಕಿವಿಯಲ್ಲಿ ಹೇಳಿದರು, ಯಾರಾದರೂ ಕೇಳಿಸಿಕೊಂಡು ಮನಸ್ಸು ಬದಲಾಯಿಸಿಯಾರು ಎಂಬಂತೆ. ಅಂಟುಮಣ್ಣು ಸಲಿಕೆಯನ್ನು ಹಿಡಿದರೆ ಬಿಡುತ್ತಿರಲಿಲ್ಲ. ಅವರು ಸುತ್ತ ಬದು ಕಟ್ಟಿದರು. ಹರಿವೆ ಬಂತು, ಮೂಲಂಗಿ ಬಂತು, ನೀರು ನಿಲ್ಲುವ ಮೂಲೆಯಲ್ಲಿ ಕೆಸು ಆನೆಯ ಕಿವಿಯಷ್ಟಗಲ ಎಲೆ ಬಿಟ್ಟಿತು. ಊರಲ್ಲಿ ಹೊಸ ಬೆಳೆಯ ದಿನ ಭತ್ತದ ತೆನೆಗಳನ್ನು ಮನೆಯ ಕಂಬ, ಬಾಗಿಲು, ಪೆಟ್ಟಿಗೆ, ಬಾವಿಯ ದಂಡೆಗೆಲ್ಲ ಕಟ್ಟುತ್ತಾರೆ. ಅದಕ್ಕೆ ಹೊಸ್ತು ಎನ್ನುತ್ತಾರೆ. ಅಪ್ಪಯ್ಯ ಅಲಾಟ್‌ಮೆಂಟಿನ ದಾರಿಯ ಬದಿಯಲ್ಲಿ ಬೆಳೆದ ಹುಲ್ಲಿನ ತೆನೆಗಳನ್ನು ಕಿತ್ತು ತಂದು ಫ್ರಿಜ್ಜಿನ ಹಿಡಿಕೆಗೆ, ನಲ್ಲಿಗೆ, ಗ್ಯಾಸ್ ಮೀಟರಿಗೆ, ನನ್ನ ಶಾಲೆಯ ಚೀಲಕ್ಕೆ ಕಟ್ಟುತ್ತಿದ್ದರು. ಚೀಲದ್ದನ್ನು ನಾನು ಬಸ್‌ಸ್ಟಾಪಿನಲ್ಲಿ ಬಿಚ್ಚಿ ಎಸೆಯುತ್ತಿದ್ದೆ.

ಅಲ್ಲಿನ ಮೇಲ್ವಿಚಾರಣೆ ಪೀಟರ್ಸ್ ಎಂಬ ನಿವೃತ್ತರದು. ಬೀಗದ ಕೈ ಕೊಡುವುದು, ಕಳೆ ಹೆಚ್ಚಾದರೆ ಚೀಟಿ ಅಂಟಿಸುವುದು ಅವರ ಕೆಲಸ. ಅಪ್ಪಯ್ಯನ ದೃಷ್ಟಿಯಲ್ಲಿ ಭೂಮಿಯ ಮಾಲೀಕರ ಕಡೆಯಿಂದ ಬಂದು ನಿಲ್ಲುವವರೆಲ್ಲ ಒಡೀರು. ಆದ್ದರಿಂದ ಪೀಟರ್ಸ್ ಗೇಟಿನಲ್ಲಿ ಕಂಡ ಕೂಡಲೆ ಅವರು ಮುಟ್ಟಾಳೆ ತೆಗೆದು, “ಒಡೀರೇ,” ಎನ್ನುವರು. ಪೀಟರ್ಸ್ ಗಾಬರಿಯಿಂದ, “ಓ ಡಿಯರ್? ಏನಾಯಿತು?” ಎನ್ನುವರು. ಅಪ್ಪಯ್ಯ ನಗುವರು. ಪೀಟರ್ಸ್ ಇನ್ನೂ ಗಾಬರಿಯಾಗುವರು. ಇದು ವರ್ಷಗಟ್ಟಲೆ ನಡೆಯಿತು. ಮೊದಲ ಹರಿವೆಯನ್ನು ಅಪ್ಪಯ್ಯ ಹಳೆಯ ಪೇಪರಿನಲ್ಲಿ ದುಂಡಗೆ ಸುತ್ತಿ, ಹಗ್ಗದಿಂದ ಮುಡಿಯ ಹಾಗೆಯೇ ಬಿಗಿದು, ಪೀಟರ್ಸರ ಶೆಡ್ಡಿನ ಬಾಗಿಲ ಕೆಳಗೆ ಇಟ್ಟು ಬರುತ್ತಿದ್ದರು. ಬಾಡಿಗೆ ಕೌನ್ಸಿಲ್ಲಿಗೆ ಹೋಗುವುದು ಬೇರೆ. ಇದು ಗೇಣಿ.

ಪಕ್ಕದ ತುಂಡು ಲಾವ್ ಎಂಬ ಚೀನೀ ಮುದುಕರದು. ಅವರೂ ಕೆಸು ಬೆಳೆಯುತ್ತಿದ್ದರು, ಗಡ್ಡೆಗಾಗಿ. ನಾವು ಎಲೆಗಾಗಿ. ಹಾಗಾಗಿ ಇಬ್ಬರ ನಡುವೆ ಒಂದು ವ್ಯವಹಾರ ಕುದುರಿತು: ಅವರ ಎಲೆ ನಮಗೆ, ನಮ್ಮ ಗಡ್ಡೆ ಅವರಿಗೆ. ಭಾಷೆ ಇರಲಿಲ್ಲ. ಲಾವ್ ಅವರ ಮೊಮ್ಮಗಳು ಮೇ ನನ್ನ ಶಾಲೆಯವಳೇ. ರಜೆಯ ದಿನ ಅವಳನ್ನೂ ನನ್ನ ಹಾಗೆ ಹಿಡಿದು ತರುತ್ತಿದ್ದರು. ಒಂದು ದಿನ ಅಪ್ಪಯ್ಯನಿಗೆ ಅಜ್ಜನ ಕಥೆಯನ್ನು ಲಾವ್‌ಗೆ ಹೇಳಬೇಕೆನಿಸಿತು. ಅಪ್ಪಯ್ಯ ನನಗೆ ಕುಂದಾಪುರದ ಕನ್ನಡದಲ್ಲಿ, ನಾನು ಮೇಗೆ ಇಂಗ್ಲಿಷಿನಲ್ಲಿ, ಮೇ ತಾತನಿಗೆ ಅವರ ಭಾಷೆಯಲ್ಲಿ. ಲಾವ್ ಸಲಿಕೆಗೆ ಒರಗಿ ಕೇಳಿದರು. ಕೊನೆಗೆ ಕೆಮ್ಮು ಬರುವಷ್ಟು ನಕ್ಕರು. ಆಮೇಲೆ ತುಂಬಾ ಹೊತ್ತು ಮಾತಾಡಿದರು, ನಗು ಇಲ್ಲದೆ. ಮೇ ಬೂಟಿನ ಮಣ್ಣನ್ನು ಕಡ್ಡಿಯಿಂದ ಕೆರೆಯುತ್ತ ಅದನ್ನು ನನಗೆ ಹೇಳಿದಳು.

“ತಾತನ ಅಪ್ಪನೂ ಹಾಗೇ ಅಂತೆ, ಬೇರೆಯವರ ಗದ್ದೆ. ಸರ್ಕಾರ ಬಂದು ಇದು ನಿಮ್ಮದೇ ಅಂತ ಕಾಗದ ಕೊಟ್ಟಿತಂತೆ, ಕೆಂಪು ಮೊಹರಿನದು. ಗೋಡೆಗೆ ಅಂಟಿಸಿದ್ದರಂತೆ. ಎರಡು ಮೂರು ಬೆಳೆ ಆದಮೇಲೆ ಎಲ್ಲಾ ಗದ್ದೆ ಎಲ್ಲರದೂ ಅಂತ ಹೇಳಿ ತಗೊಂಡುಬಿಟ್ಟರಂತೆ. ಕಾಗದ ಮಾತ್ರ ಗೋಡೆಯಲ್ಲೇ ಇತ್ತಂತೆ.”

“ಆಮೇಲೆ?”

“ಆಮೇಲೆ ಊಟ ಇರಲಿಲ್ಲವಂತೆ. ತಾತನ ತಮ್ಮ ಒಬ್ಬ ಹೋದನಂತೆ. ಎಷ್ಟೋ ವರ್ಷದ ಮೇಲೆ ಉಳೋದಕ್ಕೆ ಅಂತ ಒಂದು ತುಂಡು ನೆಲ ವಾಪಸ್ ಕೊಟ್ಟರಂತೆ. ಈಗ ಅಲ್ಲಿ ಶೂ ಫ್ಯಾಕ್ಟರಿ ಇದೆ.”

ಅಷ್ಟು ಉದ್ದದ ಮಾತು ಮೇಯ ಬಾಯಲ್ಲಿ ಇಷ್ಟಾಯಿತು. ನಾನು ಅದನ್ನು ಇನ್ನಷ್ಟು ಕತ್ತರಿಸಿ ಅಪ್ಪಯ್ಯನಿಗೆ ಹೇಳಿದೆ. ತಮ್ಮ ಸತ್ತದ್ದನ್ನು ಹೇಳಿದೆನೋ ಇಲ್ಲವೋ ಗೊತ್ತಿಲ್ಲ. ಅಪ್ಪಯ್ಯ ತಲೆಯಾಡಿಸಿ, “ಪಾಪ. ಗ್ವಾಡೆಗ್ ಅಂಟ್ಸೂಕಾಗ. ಪೆಟ್ಟಿಗೆಲಿ ಇಡ್ಕ್,” ಎಂದರು.

ನನಗೆ ಆ ಜಾಗವೆಂದರೆ ನಾಚಿಕೆ. ಇದನ್ನು ಮೆತ್ತಗೆ ಮಾಡಿ ಹೇಳುವುದರಲ್ಲಿ ಅರ್ಥವಿಲ್ಲ. ಹೋಟೆಲಿನಲ್ಲಿ ಉಳಿದ ಹುಳಿ ಹಿಟ್ಟಿನ ತೊಳೆನೀರನ್ನು ಅಪ್ಪಯ್ಯ ಗಿಡಗಳಿಗೆಂದು ಮುಚ್ಚಳದ ಬಕೆಟ್ಟುಗಳಲ್ಲಿ ತುಂಬಿಸಿ, ಸೂಪರ್‌ಮಾರ್ಕೆಟ್ಟಿನ ಬಿಟ್ಟುಹೋದ ಟ್ರಾಲಿಯಲ್ಲಿಟ್ಟು, ನನ್ನ ಶಾಲೆಯ ಮುಂದೆಯೇ ತಳ್ಳಿಕೊಂಡು ಹೋಗುತ್ತಿದ್ದರು. ತಲೆಯ ಮೇಲೆ ಹಾಳೆಯ ಮುಟ್ಟಾಳೆ. ಅದು ಸಲಾಡಿನ ಬೋಗುಣಿಯೇ ಎಂದು ನನ್ನ ತರಗತಿಯ ಹುಡುಗಿಯೊಬ್ಬಳು ಕೇಳಿದ್ದಳು. ಶನಿವಾರದ ಈಜು, ಹುಟ್ಟುಹಬ್ಬದ ಪಾರ್ಟಿಗಳು, ಎಲ್ಲ ಆ ಬೈಲಿನಲ್ಲಿ ಹೂತುಹೋದವು. ಆ ನೆಲ ಒಂದು ದಿನ ಇಲ್ಲವಾಗಲಿ ಎಂದು ಬಯಸುತ್ತಿದ್ದೆ. ಈ ಬಯಕೆ ಮಾತ್ರ ದಿನಚರಿಯಲ್ಲಿದೆ, ಒಂದಲ್ಲ ಹಲವು ಕಡೆ, ಗುಟ್ಟಾಗಿರಲೆಂದು ಅಕ್ಷರಗಳನ್ನು ತಿರುವು ಮುರುವು ಮಾಡಿ ಬರೆದದ್ದು.

ಹನ್ನೊಂದನೆಯ ವಯಸ್ಸಿನಲ್ಲಿ ಆ ಕಾಗದ. ಯಾರದೋ ಜಮೀನಿನಲ್ಲಿ ಬೇಲಿ ಹಾಕಿ ವರ್ಷಾನುಗಟ್ಟಲೆ ಕುಳಿತವನಿಗೆ ಅದು ಸ್ವಂತವಾಗುವ ಕಾನೂನು ಈ ದೇಶದಲ್ಲೂ ಇದೆ ಎಂದು ಹೋಟೆಲಿನಲ್ಲಿ ಯಾರೋ ಹೇಳಿದ್ದರು. ಅಪ್ಪಯ್ಯನಿಗೆ ಅಷ್ಟು ಸಾಕಾಯಿತು. ಕೆಲಸದಿಂದ ಬಂದವರು ಕಾಲು ತೊಳೆದು, ದೇವರಿಗೆ ಕೈಮುಗಿದು, ಮಜಲಿನಲ್ಲಿ ನನ್ನೆದುರು ಚಕ್ಕಳಮಕ್ಕಳ ಹಾಕಿ ಕುಳಿತರು. ಅಮ್ಮ ಬೈಲಿನಲ್ಲಿ ಕೆಸುವಿನ ಎಲೆಗೆ ಹಿಟ್ಟು ಹಚ್ಚುತ್ತಿದ್ದಳು.

“ಬರಿ ಹೆಣೆ. ಡಿಕ್ಲರೇಶನ್.”

ಆಮೇಲೆ ಅವರ ಬಾಯಿಂದ ಬಂದ ಕನ್ನಡ ನಾನು ಅದುವರೆಗೆ ಕೇಳದ್ದು. ಹನ್ನೆರಡರ ಪ್ರಾಯದಲ್ಲಿ ಬರೆದದ್ದನ್ನು ಅವರು ಮಂತ್ರದಂತೆ ಉಳಿಸಿಕೊಂಡಿದ್ದರು.

“ಸದರಿ ಭೂಮಿಯನ್ನು ನಾನು ಖುದ್ದಾಗಿ ಉಳುಮೆ ಮಾಡಿಕೊಂಡು ಬಂದಿರುತ್ತೇನೆ.”

“ಸದರಿ ಅಂದ್ರೆ ಏನು? ಹೂವಾ?”

“ಹೂಗ್ ಅಲ್ಲ ಮರಾಯ್ತಿ. ಸದರಿ ಅಂದ್ರೆ ಅದೇ. ಬರಿ. ಇನ್ನು ಮುಂದೆ ಸದರಿ ಭೂಮಿಯು ನನಗೆ ಗೇಣಿಗೆ ಬೇಡ. ಒಡೆತನದ ಹಕ್ಕಿನಿಂದ ಬೇಕಾಗಿರುತ್ತದೆ.”

ಗೇಣಿಗೆ ಬೇಡ. ಇದನ್ನು ನಾನು ಬರೆದೆ. ಇಂಗ್ಲಿಷಿನಲ್ಲಿ ಅದು ಹೀಗಾಯಿತು: ಈ ಜಾಗ ನನಗೆ ಇನ್ನು ಬಾಡಿಗೆಗೆ ಬೇಡ. ಅದರ ಮುಂದಿನ ಮಾತನ್ನು ಬರೆದೆನೇ? ಒಡೆತನ ಎಂದರೇನೆಂದು ನಾನು ಕೇಳಿದ್ದು ನೆನಪಿದೆ. ಅಮ್ಮ ಪತ್ರೊಡೆ ಆಯಿತೆಂದು ಕೂಗಿದ್ದು ನೆನಪಿದೆ. ಪುಟ ಮುಗಿದಿತ್ತು ಎಂದು ಒಮ್ಮೆ ಅನಿಸುತ್ತದೆ. ಪುಟದಲ್ಲಿ ಬೇಕಾದಷ್ಟು ಜಾಗವಿತ್ತು ಎಂದು ಇನ್ನೊಮ್ಮೆ. ಪೆನ್ನನ್ನು ಎತ್ತಿ ಹಿಡಿದು, ಅಪ್ಪಯ್ಯನ ಮುಖ ನೋಡಿ, ಇಷ್ಟು ಸಾಕು ಎಂದು ನಿರ್ಧರಿಸಿದ ಒಂದು ಗಳಿಗೆಯೂ ನನ್ನ ನೆನಪಿನಲ್ಲಿದೆ. ಆದರೆ ಅದು ಆಮೇಲೆ, ತಪ್ಪಿತಸ್ಥಳಾದ ಮೇಲೆ, ನಾನೇ ಮಾಡಿಕೊಂಡ ಚಿತ್ರವಿರಬಹುದು. ಅಪ್ಪಯ್ಯ ಕನ್ನಡದಲ್ಲಿ ಸಹಿ ಹಾಕಿದರು. ಕಾಗದ ಒದ್ದೆಯಾಗದಿರಲಿ ಎಂದು ಸುಕ್ಕುಗಟ್ಟಿದ ಬೆರಳುಗಳನ್ನು ಮೊದಲು ಅಂಗಿಗೆ ಒರೆಸಿಕೊಂಡರು.

ಡಿಕ್ಲರೇಶನ್ ಹೋದ ಮೇಲೆ ಅಪ್ಪಯ್ಯ ಪೀಟರ್ಸ್‌ಗೆ ಹರಿವೆಯ ಮುಡಿ ಇಡಲಿಲ್ಲ. ಮುಟ್ಟಾಳೆ ತೆಗೆಯಲಿಲ್ಲ. “ಮಾರ್ನಿಂಗ್, ಮಿಸ್ಟರ್ ಪೀಟರ್ಸ್,” ಎಂದರು, ಬೆನ್ನು ನೆಟ್ಟಗೆ ಮಾಡಿ. ಪೀಟರ್ಸ್‌ಗೆ ಪಾಪ, ತಾನೇನು ತಪ್ಪು ಮಾಡಿದೆನೋ ಎನಿಸಿರಬೇಕು.

ಕೌನ್ಸಿಲ್ಲಿನ ಉತ್ತರ ಬಂತು. ಬಹಳ ಮರ್ಯಾದೆಯ ಕಾಗದ. ಜಾಗವನ್ನು ಬಿಟ್ಟುಕೊಡುತ್ತಿರುವುದಾಗಿ ತಿಳಿಸಿದ್ದಕ್ಕೆ ವಂದನೆಗಳು, ಕಾದಿರುವವರ ಪಟ್ಟಿ ಉದ್ದವಿರುವುದರಿಂದ ಇದು ಬಹಳ ಉಪಕಾರವಾಯಿತು, ತಿಂಗಳ ಕೊನೆಗೆ ಬೀಗದ ಕೈ ಹಿಂತಿರುಗಿಸಬೇಕು. ನಾನು ಅದನ್ನು ನಿಂತುಕೊಂಡು ಎರಡು ಸಲ ಓದಿದೆ. ಅಪ್ಪಯ್ಯ ನನ್ನ ಬಾಯಿಯನ್ನೇ ನೋಡುತ್ತಿದ್ದರು.

“ಎಂತ ಅಂತ್ರ್?”

“ಕೊಡೋದಿಲ್ವಂತೆ, ಅಪ್ಪಯ್ಯ. ನಮ್ಮಂಥವ್ರಿಗೆ ಕೊಡೋದಿಲ್ವಂತೆ. ಖಾಲಿ ಮಾಡಿ ಅಂತ ಬರ್ದಿದ್ದಾರೆ.”

‘ನಮ್ಮಂಥವರಿಗೆ’ ಎಂಬುದು ಆ ಕಾಗದದಲ್ಲಿ ಇರಲಿಲ್ಲ. ಆ ಮಾತು ನನಗೆ ಎಲ್ಲಿಂದ ಸಿಕ್ಕಿತು? ಅದನ್ನು ಹೇಳಿದರೆ ಅಪ್ಪಯ್ಯ ಮರುಪ್ರಶ್ನೆ ಕೇಳುವುದಿಲ್ಲ ಎಂದು ಹನ್ನೊಂದು ವರ್ಷದವಳಿಗೆ ಗೊತ್ತಿತ್ತು. ಅವರು ಕೇಳಲಿಲ್ಲ. ಕಾಗದವನ್ನು ಮಡಚಿ ಪೆಟ್ಟಿಗೆಯಲ್ಲಿಟ್ಟರು. ಕೊನೆಯ ದಿನ ಬೀಗದ ಕೈ ಕೊಡಲು ನನ್ನನ್ನೂ ಕರೆದುಕೊಂಡು ಹೋದರು. ಗೇಟಿನ ಹತ್ತಿರ ಮುಟ್ಟಾಳೆ ತೆಗೆದು ಕಂಕುಳಲ್ಲಿಟ್ಟುಕೊಂಡು, ತಗ್ಗಿದ ದನಿಯಲ್ಲಿ, “ಒಡೀರೇ,” ಎಂದರು. ಪೀಟರ್ಸ್ ಅವರ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, “ಓ ಡಿಯರ್,” ಎಂದರು. “ಓ ಡಿಯರ್, ಓ ಡಿಯರ್.” ಅಪ್ಪಯ್ಯನಿಗೆ ಏನೇನೋ ಹೇಳಿದರು. ನಾನು ಅನುವಾದಿಸಲಿಲ್ಲ, ದೂರ ಹೋಗಿ ನಿಂತಿದ್ದೆ. ಲಾವ್ ನಮ್ಮ ಮೂಲೆಯಿಂದ ಕೆಸುವಿನ ಗಡ್ಡೆಗಳನ್ನು ಅಗೆದು, ಮಣ್ಣು ಸಮೇತ ಚೀಲಕ್ಕೆ ತುಂಬಿ, ಅಪ್ಪಯ್ಯನ ಕೈಗೆ ಕೊಟ್ಟರು. ನಂತರ ಬಂದ ದಂಪತಿ ಬದುಗಳನ್ನು ಒಡೆದು, ಜಲ್ಲಿ ಹಾಕಿ, ಹಲಗೆಯ ಕಟ್ಟೆಗಳನ್ನು ಮಾಡಿಕೊಂಡರೆಂದು ಮೇ ಹೇಳಿದಳು. ಆ ವರ್ಷ ನಮ್ಮ ಫ್ರಿಜ್ಜಿಗೆ ಯಾರೂ ತೆನೆ ಕಟ್ಟಲಿಲ್ಲ. ನನ್ನ ಶನಿವಾರಗಳು ನನಗೆ ಸಿಕ್ಕವು. ಮಾಡಲು ಏನೂ ಇರಲಿಲ್ಲ. ಈಜು ಕಲಿಯುವ ವಯಸ್ಸಿನ ಗೆಳತಿಯರೆಲ್ಲ ಆಗಲೇ ಕಲಿತು ಮುಗಿಸಿದ್ದರು. ಅಪ್ಪಯ್ಯ ರಜೆಯ ದಿನ ಮಜಲಿನಲ್ಲಿ ಮಲಗಿ, ಲೋಟಗಳು ಅದುರುವುದನ್ನು ನೋಡುತ್ತಿದ್ದರು. ಅಮ್ಮ ಅವರ ಮೇಲೆ ರೇಗುವುದನ್ನೂ ನಿಲ್ಲಿಸಿದಳು. ಅದು ಎಲ್ಲಕ್ಕಿಂತ ಕೆಟ್ಟದಾಗಿತ್ತು. ಎರಡು ವರ್ಷದ ಮೇಲೆ ನಾವು ಕ್ರೋಯ್ಡನ್ನಿಗೆ ಹೋದೆವು, ಒಂಬತ್ತನೆಯ ಮಹಡಿಗೆ. ಲಿಫ್ಟಿನಿಂದ ಇಳಿದ ಅಪ್ಪಯ್ಯ ಕಿಟಕಿಯಿಂದ ಕೆಳಗಿನ ಟ್ರಾಮಿನ ಹಳಿಗಳನ್ನು ನೋಡಿ, “ಪೂರಾ ಬೆಟ್ಟ್,” ಎಂದರು. ಕೋಣೆಗಳಿಗೆ ಹೆಸರಿಡುವುದು ಅಲ್ಲಿಗೆ ಮುಗಿಯಿತು. ಅಮ್ಮ ಬಯಸಿದ ಹಾಗೆ ನಾನು ರೂಮ್ ಅನ್ನಲು ಕಲಿತೆ.

ಯೂನಿವರ್ಸಿಟಿಯಲ್ಲಿ ನಾನು ಇತಿಹಾಸ ಓದಿದೆ. ಪ್ರಬಂಧಕ್ಕೆ ಒಕ್ಕಲುಗಳ ವಿಷಯವನ್ನೇ ಆರಿಸಿಕೊಂಡು, ರೆಕಾರ್ಡರ್ ಹಿಡಿದು ಕುಂದಾಪುರಕ್ಕೆ ಹೋಗಿ ಸೀತು ಅತ್ತೆಯ ಮುಂದೆ ಕುಳಿತೆ. ಅವರು ಅಪ್ಪಯ್ಯನ ಅಕ್ಕ. ಗಂಡ ಬಿಟ್ಟುಹೋದ ಮೇಲೆ ತವರಿಗೆ ಬಂದು ಅಲ್ಲೇ ಉಳಿದವರು. ಅಪ್ಪಯ್ಯ ‘ಕೊಟ್ಟು ಬಂದ’ ಬೈಲನ್ನು ಕೊಂಡವರ ಕೈಕೆಳಗೆ, ಅದೇ ಬೈಲಿನಲ್ಲಿ, ಕೂಲಿಗೆ ನಟ್ಟಿ ಮಾಡಿದವರು. ಆ ಗದ್ದೆಗೆ ಮಣ್ಣು ತುಂಬಿಸಿ ಮನೆ ಕಟ್ಟುವವರೆಗೂ. ಇದನ್ನೆಲ್ಲ ಅವರು ಬೇರೆಯವರ ಸುದ್ದಿಯೆಂಬಂತೆ ಹೇಳಿದರು.

“ಅಜ್ಜನಿಗೆ ಕಾಲು ಇರ್ಲಿಲ್ಲ ಅಲ್ವಾ ಅತ್ತೆ. ಆಗ ಗದ್ದೆ ಉತ್ತಿದ್ದು ಯಾರು?”

“ಮತ್ಯಾರ್? ನಾನೇ. ಹೆಂಗ್ಸ್ ನೇಗಿಲ್ ಹಿಡಿದ್ರೆ ಮಳಿ ಬತ್ತಿಲ್ಲೆ ಅಂದ್ ಊರೆಲ್ಲ ಬೈದ್ರ್. ಆ ವರ್ಷ ಮಳಿ ಬಂದದ್ ಹ್ಯಾಂಗೆ ಗೊತ್ತಿತ್ತಾ? ನೆರಿ ಬಂದ್ ಬೈದವ್ರ್ ಬೇಲಿ ಎಲ್ಲ ಕೊಚ್ಕಂಡ್ ಹೋಯ್ತ್!” ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು.

“ಹಾಗಾದ್ರೆ ಡಿಕ್ಲರೇಶನ್ನಲ್ಲಿ ನಿಮ್ಮ ಹೆಸರು?”

“ನಿನ್ನ್ ಅಪ್ಪಯ್ಯಂದ್ ಅಕ್ಷರ ಭಾರಿ ಚಂದ ಇದ್ದಿತ್,” ಎಂದರು ಅತ್ತೆ. “ನಾನ್ ಪಕ್ಕದಲ್ಲೇ ಚಿಮಣಿ ದೀಪ ಹಿಡ್ಕಂಡ್ ಕೂತಿದ್ದೆ. ನನ್ ಹೆಸ್ರ್ ಎಲ್ಲಿತ್ತಾ ಅಂದೆ. ಕಾಗ್ದದಲ್ಲಿ ಜಾಗ ಇಲ್ಲೆ ಅಕ್ಕ, ಅಂದ.”

ಆ ಟೇಪ್ ನನ್ನ ಹತ್ತಿರ ಇದೆ. ಈ ಅಧ್ಯಾಯದಲ್ಲಿ ನಾನು ಖಚಿತವಾಗಿ ಹೇಳಬಲ್ಲ ಮಾತುಗಳು ಇವಿಷ್ಟೇ. ಪ್ರಬಂಧದಲ್ಲಿ ಇವನ್ನು ಸೇರಿಸಲಿಲ್ಲ.

ಅತ್ತೆ ಈ ಚಳಿಗಾಲದಲ್ಲಿ ತೀರಿಕೊಂಡರು. ಸುದ್ದಿ ಫೋನಿನಲ್ಲಿ ಬಂತು. ಭಾನುವಾರ ನಾನು ಕ್ರೋಯ್ಡನ್ನಿಗೆ ಹೋದೆ. ಅಮ್ಮನೂ ಇಲ್ಲದ ಆ ಫ್ಲ್ಯಾಟಿನಲ್ಲಿ ಅಪ್ಪಯ್ಯ ಬಾಲ್ಕನಿಯ ಬಾಗಿಲ ಬಳಿ ಕುರ್ಚಿ ಹಾಕಿ ಕುಳಿತಿದ್ದರು. ಲಾವ್ ಕೊಟ್ಟ ಗಡ್ಡೆಯ ಸಂತಾನ ಒಂದು ಇನ್ನೂ ಕುಂಡದಲ್ಲಿದೆ. ಚಳಿಗೆ ಎಲೆ ಸತ್ತು, ಬರೀ ಮಣ್ಣು ಕಾಣುತ್ತಿತ್ತು. ನಾನು ಚಹಾ ಮಾಡಿದೆ. ಅತ್ತೆಯ ಬಗ್ಗೆ ಒಂದೆರಡು ಮಾತಾಯಿತು. ಆಮೇಲೆ, ಮೂವತ್ತು ವರ್ಷದ ಹತ್ತಿರ ಹೊತ್ತುಕೊಂಡದ್ದನ್ನು, ನಾನು ಬರೆದ ಕಾಗದ, ಓದಿ ಹೇಳಿದ ಸುಳ್ಳು, ಎಲ್ಲವನ್ನೂ ಹೇಳಿದೆ. ಅಳು ಬರುತ್ತದೆಂದುಕೊಂಡಿದ್ದೆ, ಬರಲಿಲ್ಲ.

“ಗೊತ್ತಿತ್ತ್,” ಎಂದರು ಅಪ್ಪಯ್ಯ.

“ಏನು ಗೊತ್ತಿತ್ತು?”

“ಆ ದಿನ ಪೀಟರ್ಸ್ ಸರೆಂಡರ್, ಸರೆಂಡರ್ ಅಂದ. ಎಂತಕ್ ಬಿಟ್ಟೆ ಅಂದ್ ಕೇಂಡ. ಭೂಮಿ ವಿಷಯದಲ್ಲಿ ಆ ಶಬ್ದ ನಂಗೆ ಗೊತ್ತಿಲ್ಯಾ?”

“ಮತ್ತೆ ಯಾಕೆ ನನ್ನ ಕೇಳ್ಲಿಲ್ಲ? ಇನ್ನೊಂದು ಕಾಗದ ಬರಿ ಅಂದಿದ್ರೆ...”

ಅವರು ಲೋಟವನ್ನು ಎರಡೂ ಕೈಯಲ್ಲಿ ತಿರುಗಿಸಿದರು. ಹಿಟ್ಟಿನ ಕೆಲಸ ಬಿಟ್ಟು ಎಷ್ಟೋ ವರ್ಷವಾದರೂ ಆ ಬೆರಳ ತುದಿಗಳು ಹಾಗೆಯೇ ಇವೆ.

“ನೀನ್ ಸಣ್ಣದ್. ದೊಡ್ಡೋರ ಕಾಗ್ದ ಮಕ್ಳ ಕೈಲಿ ಬರೆಸೂಕಾಗ. ಮಕ್ಳ್ ಎಂತ ಬಿಡ್ತೊ, ಎಂತಕ್ ಬಿಡ್ತೊ, ಮಕ್ಳಿಗೇ ಗೊತ್ತಾತಿಲ್ಲೆ.”

ಇದು ನನಗೆ ಹೇಳಿದ ಮಾತೆಂದು ಮೊದಲು ತಿಳಿದೆ. ಕ್ಷಮೆಯೆಂದು ತಿಳಿದು ಸ್ವಲ್ಪ ಹಗುರವೂ ಆದೆ. ಆಮೇಲೆ ಡಿಕ್ಲರೇಶನ್ ಬರೆಯುವ ಹನ್ನೆರಡು ವರ್ಷದ ಅಪ್ಪಯ್ಯ, ಪಕ್ಕದಲ್ಲಿ ಚಿಮಣಿ ಹಿಡಿದು ಕುಳಿತ ಅತ್ತೆ ಕಣ್ಣಿಗೆ ಬಂದರು, ಕಾಣದ್ದನ್ನು ಕಂಡ ಹಾಗೆ. ಕೇಳಬಾರದಿತ್ತೇನೋ. ಅಪ್ಪಯ್ಯನಿಗೆ ವಯಸ್ಸಾಗಿದೆ, ಅಕ್ಕ ತೀರಿಕೊಂಡು ಹತ್ತು ದಿನವಾಗಿರಲಿಲ್ಲ. ಆದರೆ ಬಾಯಿಂದ ಬಂದುಹೋಯಿತು. ಅವರು ಎದ್ದು, ಬಾಲ್ಕನಿಯ ಬಾಗಿಲು ತೆಗೆದು, ಏನೂ ಇಲ್ಲದ ಆ ಕುಂಡಕ್ಕೆ ಲೋಟದಲ್ಲಿ ಉಳಿದಿದ್ದ ಚಹಾ ಸುರಿದು, ಚಳಿಗಾಳಿ ಒಳಗೆ ಬರುತ್ತಿದ್ದರೂ ಅಲ್ಲೇ ನಿಂತರು. ಅದಾದ ಮೇಲೆ ಎಷ್ಟೋ ಭಾನುವಾರ ಹೋಗಿದ್ದೇನೆ. ಹವೆಯ ಬಗ್ಗೆ, ಡಾಕ್ಟರು ಕೊಟ್ಟ ಮಾತ್ರೆಯ ಬಗ್ಗೆ, ಲಿಫ್ಟ್ ಕೆಟ್ಟದ್ದರ ಬಗ್ಗೆ ಮಾತಾಡುತ್ತೇವೆ. ನಾನು ಕೇಳಿದ್ದು ಅಲ್ಲಿಯೇ ಇದೆ, ಅವರ ಕುರ್ಚಿಗೂ ನನ್ನ ಕುರ್ಚಿಗೂ ನಡುವೆ.

“ಅಪ್ಪಯ್ಯ, ಆ ಕಾಗದದಲ್ಲಿ ಜಾಗ ಇತ್ತಾ?”